ಏಳನೇ ಕ್ಲಾಸಿನ ಆಕಳಿಕೆ: ಕನ್ನಡ ಮೇಡಂ ಒಬ್ಬರ ಪ್ರಕರಣ

ನನ್ನ ಹತ್ತಿರ ಸಲಹೆಗೆ ಬಂದವರು ಐವತ್ತು ದಾಟಿದ ಕನ್ನಡ ಶಿಕ್ಷಕಿ. ಬೆಂಗಳೂರಿನ ಪೂರ್ವಕ್ಕಿರುವ ಒಂದು ಖಾಸಗಿ ಸಿಬಿಎಸ್‌ಇ ಶಾಲೆಯಲ್ಲಿ ಕೆಲಸ. ಗುರುತು ಸಿಗಬಾರದು ಅಂತ ಊರು, ತರಗತಿ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಹಾಕದೆ ಮೇಡಂ ಅಂತಲೇ ಬರೆಯುತ್ತೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.

ಅವರು ಹೇಳಿಕೊಂಡ ತೊಂದರೆ ಪಾಠದ್ದಲ್ಲ, ನಿದ್ದೆಯದ್ದು. ಭಾನುವಾರ ಸಂಜೆಯಾದರೆ ಎದೆ ಭಾರ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಡಾಕ್ಟರು ಬಿಪಿ, ಥೈರಾಯ್ಡ್ ಎಲ್ಲ ನೋಡಿ "ಟೆನ್ಷನ್ ಕಡಿಮೆ ಮಾಡ್ಕೊಳ್ಳಿ" ಅಂದಿದ್ದರು. ಯಾವುದರ ಟೆನ್ಷನ್ ಅಂತ ನಾನು ಕೇಳಿದೆ. "ಸೋಮವಾರ ಫಸ್ಟ್ ಪಿರಿಯಡ್ಡೇ ಏಳನೇ ಕ್ಲಾಸು" ಅಂದರು.

ಮೊದಲು ಅವರು ಮಲೆನಾಡಿನ ಒಂದು ಅನುದಾನಿತ ಕನ್ನಡ ಶಾಲೆಯಲ್ಲಿದ್ದರು. ಅಲ್ಲಿ ಕನ್ನಡ ಮೇಡಂ ಅಂದರೆ ಊರಿಗೇ ಮೇಡಂ. ಮಕ್ಕಳ ಸಂಖ್ಯೆ ಇಳಿದು, ಮನೆಯವರ ಕೆಲಸವೂ ಬೆಂಗಳೂರಿಗೆ ಬಂದು, ಅವರೂ ಇಲ್ಲಿಗೆ ಬಂದರು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಬಂದ ಮೇಲೆ ಇಂಥ ಶಾಲೆಗಳಿಗೆ ಕನ್ನಡ ಶಿಕ್ಷಕರು ಬೇಕೇ ಬೇಕು. ಹಾಗಾಗಿ ಕೆಲಸ ಸಿಕ್ಕಿತು. ಆದರೆ ಕ್ಲಾಸಿನಲ್ಲಿ ಮುಕ್ಕಾಲು ಭಾಗ ಮಕ್ಕಳಿಗೆ ಮನೆಯಲ್ಲಿ ಕನ್ನಡ ಇಲ್ಲ. ಕನ್ನಡ ಪಿರಿಯಡ್ ಅಂದರೆ ಡೆಸ್ಕಿನ ಕೆಳಗೆ ಮ್ಯಾಥ್ಸ್ ಹೋಮ್‌ವರ್ಕ್ ಮಾಡುವ ಹೊತ್ತು.

ಒಂದು ದಿನ ಒಬ್ಬ ಹುಡುಗ ಎದ್ದು ನಿಂತು, ಅಪ್ಪನಿಗೆ ಹೇಗಿದ್ದರೂ ಟ್ರಾನ್ಸ್‌ಫರ್ ಆಗುತ್ತೆ, ನಾನು ಇದನ್ನ ಯಾಕೆ ಕಲೀಬೇಕು ಅಂತ ಇಂಗ್ಲಿಷಿನಲ್ಲಿ ಕೇಳಿದ. ಮೇಡಂ ಅವನನ್ನು ಹೊರಗೆ ಕಳಿಸಿದರು. ಜೊತೆಗೆ ಇಲ್ಲಿಯ ನೀರು ಕುಡಿದು ಇಲ್ಲಿಯ ಅನ್ನ ತಿಂದು ಅಂತ ಶುರುವಾಗುವ ಮಾತನ್ನೂ ಆಡಿದರು. ತಂದೆತಾಯಿ ಮೇಲ್ ಕಳಿಸಿದರು. ಕೋಆರ್ಡಿನೇಟರ್ ಕರೆದು "ಸ್ವಲ್ಪ ಫ್ರೆಂಡ್ಲಿ ಆಗಿರಿ ಮೇಡಂ" ಅಂದರು. ಹೇಗೆ ಅಂತ ಹೇಳಲಿಲ್ಲ. ಯಾರೂ ಹೇಳುವುದಿಲ್ಲ, ಅಲ್ವಾ?

ಅವರು ತಮಗೆ ತೋಚಿದ ಹಾಗೆ ಫ್ರೆಂಡ್ಲಿ ಆದರು. ಚಾಕಲೇಟ್ ತಂದರು, ಅಂತ್ಯಾಕ್ಷರಿ ಆಡಿಸಿದರು, ಬೈಯುವುದು ಬಿಟ್ಟರು. "ಚಾಕಲೇಟ್ ಇಸ್ಕೊಂಡು ಥ್ಯಾಂಕ್ಯೂ ಮ್ಯಾಮ್ ಅಂತ ಇಂಗ್ಲಿಷಲ್ಲೇ ಹೇಳಿ ಹೋಗ್ತಾರೆ" ಅಂದಾಗ ಅವರಿಗೇ ನಗು ಬಂತು. ಆಮೇಲೆ ಕಣ್ಣಲ್ಲಿ ನೀರು.

ನಾನು ಕೇಳಿದೆ: "ಆ ಹುಡುಗ ಮ್ಯಾಥ್ಸ್ ಪಿರಿಯಡ್‌ನಲ್ಲಿ ಆಕಳಿಸಲ್ವಾ?"

"ಅಲ್ಲೂ ಆಕಳಿಸ್ತಾನೆ."

"ಮ್ಯಾಥ್ಸ್ ಮೇಡಂಗೆ ನಿದ್ದೆ ಬರುತ್ತಾ?"

"ಚೆನ್ನಾಗಿ ಬರುತ್ತೆ."

ವ್ಯತ್ಯಾಸ ಅಲ್ಲಿಯೇ ಇತ್ತು. ಹುಡುಗ ಆಕಳಿಸಿದರೆ ಮ್ಯಾಥ್ಸ್ ಮೇಡಂಗೆ ಕಾಣುವುದು ಆಕಳಿಕೆ. ಇವರಿಗೆ ಕನ್ನಡಕ್ಕೆ ಆದ ಅವಮಾನ ಕಾಣುತ್ತಿತ್ತು. ಅದಕ್ಕೆ ಕಾರಣವೂ ಇತ್ತು. 1982ರ ಗೋಕಾಕ್ ಚಳವಳಿಯ ಹೊತ್ತಿಗೆ ಅವರು ಪುಟ್ಟ ಹುಡುಗಿ. ಅಪ್ಪನ ಕೈ ಹಿಡಿದು ಮೆರವಣಿಗೆಯಲ್ಲಿ ನಡೆದಿದ್ದರು. ಕನ್ನಡ ಅಂದರೆ ಹೋರಾಡಿ ಉಳಿಸಿಕೊಳ್ಳಬೇಕಾದದ್ದು ಅನ್ನುವುದು ಅವರ ಮನೆಯಲ್ಲಿ ಊಟದ ಹೊತ್ತಿನ ಮಾತು. ಆ ಭಾವನೆ ತಪ್ಪು ಅಂತ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಆದರೆ ಅದರ ಭಾರವನ್ನು ಹನ್ನೆರಡು ವರ್ಷದ, ಹೋದ ವರ್ಷ ಲಖನೌದಿಂದ ಬಂದ ಮಗುವಿನ ಹೆಗಲಿಗೆ ಹಾಕಿದರೆ ಅದು ತಪ್ಪಿಸಿಕೊಂಡು ಓಡುತ್ತದೆ. ಅನ್ನ ನೀರಿನ ಆ ಮಾತನ್ನು ಮಕ್ಕಳ ಮುಂದೆ ಇನ್ನು ಆಡಬೇಡಿ ಅಂತ ಮಾತ್ರ ಖಡಾಖಂಡಿತವಾಗಿ ಹೇಳಿದೆ. ಇಂಥ ವಿಷಯದಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ.

ಮುಂದಿನ ಭೇಟಿಗೆ ಒಂದು ಕೆಲಸ ಕೊಟ್ಟೆ. ಕ್ಲಾಸಿನಲ್ಲಿ ಯಾವ ಮಗು ಕನ್ನಡದಲ್ಲಿ ಬಾಯಿ ಬಿಟ್ಟಿತು, ಏನು ಹೇಳಿತು, ಯಾಕೆ ಹೇಳಿತು, ಅಷ್ಟನ್ನು ಡೈರಿಯಲ್ಲಿ ಬರೆದುಕೊಂಡು ಬನ್ನಿ ಅಂದೆ. ಬರೆದು ತಂದರು. ನೋಡಿದರೆ ಎಲ್ಲವೂ ಪ್ರಶ್ನೋತ್ತರ. ಪಾಠದ ಹಿಂದಿನ ಪ್ರಶ್ನೆ, ಗೈಡಿನಲ್ಲಿರುವ ಉತ್ತರ. ಮಗು ಮೇಡಂಗೆ ಗೊತ್ತಿಲ್ಲದ ಒಂದು ವಿಷಯವನ್ನೂ ಕನ್ನಡದಲ್ಲಿ ಹೇಳಿರಲಿಲ್ಲ. ಮೇಡಂ ಕೇಳಿಯೂ ಇರಲಿಲ್ಲ.

ಅದೇ ಡೈರಿಯಲ್ಲಿ ಇನ್ನೊಂದು ಸಾಲಿತ್ತು. ವರ್ಷದ ಶುರುವಿನಲ್ಲಿ ಅದೇ ಟ್ರಾನ್ಸ್‌ಫರ್ ಹುಡುಗ ಲೇಟಾಗಿ ಬಂದು "ಬಸ್ ಲೇಟ್ ಬಂದಳು ಮ್ಯಾಮ್" ಅಂದಿದ್ದ. ಇಡೀ ಕ್ಲಾಸ್ ನಕ್ಕಿತು. ಮೇಡಂ ಕೂಡ ನಕ್ಕು, ಸರಿಯಾದ ವಾಕ್ಯವನ್ನು ಹತ್ತು ಸಲ ಬರೆಸಿದ್ದರು. ಅವತ್ತಿನಿಂದ ಅವನ ಬಾಯಲ್ಲಿ ಕನ್ನಡ ಬಂದಿಲ್ಲ. ಇದನ್ನು ನಾನು ತೋರಿಸಬೇಕಾಗಿ ಬರಲಿಲ್ಲ. ಓದುತ್ತಾ ಓದುತ್ತಾ ಅವರೇ ನಿಲ್ಲಿಸಿದರು.

ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗ. ಆ ಹುಡುಗ ತನ್ನ ಭಾಷೆಯ ಲೆಕ್ಕ ಹಾಕಿಯೇ ಮಾತಾಡಿದ್ದ. ಮನೆಯಲ್ಲಿ ಬಂಗಾಳಿ ಇರುವ ಮಗು "ಅಮ್ಮ ಬಂದನು" ಅಂದರೆ ಅದಕ್ಕೂ ಕಾರಣವಿದೆ, ಆ ಭಾಷೆಯ ಕ್ರಿಯಾಪದದಲ್ಲಿ ಗಂಡು ಹೆಣ್ಣು ಭೇದವಿಲ್ಲ. ಮಲಯಾಳಂ ಮಕ್ಕಳಿಗೆ ಅವನು, ಅವಳು, ಅದು ಎಲ್ಲಕ್ಕೂ ಕ್ರಿಯಾಪದ ಒಂದೇ. ಅವರು ನಮ್ಮ ಬಂದನು ಬಂದಳು ಬಂತುಗಳಲ್ಲಿ ಎಡವದೇ ಇದ್ದರೇ ಆಶ್ಚರ್ಯ. ನಿಮ್ಮ ಕ್ಲಾಸಿನಲ್ಲಿ ಯಾರ ಮನೆಯಲ್ಲಿ ಯಾವ ಭಾಷೆ ಅಂತ ಕೇಳಿದೆ. ಮೇಡಂಗೆ ಗೊತ್ತಿರಲಿಲ್ಲ. "ಎಲ್ಲಾ ಹಿಂದಿಯವ್ರು ಅಂದ್ಕೊಂಡಿದ್ದೆ."

ಭಾಷೆ ಕಲಿಯುವವರ ಅಂಜಿಕೆ ಬಗ್ಗೆ ಸಂಶೋಧಕಿ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ 33 ಹೇಳಿಕೆಗಳ ಒಂದು ಪ್ರಶ್ನಾವಳಿ ಮಾಡಿದರು. ಇಂದಿಗೂ ಬಳಕೆಯಲ್ಲಿದೆ. ಅವರು ಗುರುತಿಸಿದ ಮುಖ್ಯ ವಿಷಯ ಇದು: ಹೊಸ ಭಾಷೆಯ ಕ್ಲಾಸಿನಲ್ಲಿ ಬುದ್ಧಿವಂತ ಮನುಷ್ಯನೂ ತನ್ನ ಬುದ್ಧಿ ತೋರಿಸಲಾಗದೆ ಪೆದ್ದನ ಹಾಗೆ ಕಾಣುತ್ತಾನೆ, ಆ ಭಯವೇ ಬಾಯಿ ಕಟ್ಟುತ್ತದೆ. ಈ ಏಳನೇ ಕ್ಲಾಸಿನ ಮಕ್ಕಳು ಇಂಗ್ಲಿಷಿನಲ್ಲಿ ಕಪ್ಪು ರಂಧ್ರದ ಬಗ್ಗೆ ವಾದ ಮಾಡುವವರು. ಕನ್ನಡದಲ್ಲಿ "ಇದು ಮರ, ಅದು ಹಣ್ಣು" ಅನ್ನಬೇಕು. ಆ ವಯಸ್ಸಿನಲ್ಲಿ "ಭಯ ಆಗುತ್ತೆ" ಅನ್ನುವುದಕ್ಕಿಂತ "ಬೋರ್" ಅನ್ನುವುದು ಸುಲಭ.

ಇನ್ನು ನಾನು ಕೊಟ್ಟ ಸಲಹೆ.

ಮೊದಲನೆಯದು, ಒಂದು ಪಿರಿಯಡ್ ಪಾಠ ಬಿಟ್ಟು ಎಲ್ಲರ ಮನೆಮಾತು ಕೇಳಿ ಅಂದೆ. ಅಜ್ಜಿ ಜೊತೆ ಏನು ಮಾತಾಡ್ತೀಯಾ, ಅಮ್ಮ ಬೈಯೋದು ಯಾವ ಭಾಷೆಯಲ್ಲಿ ಅಂತ. ಬಂದ ಉತ್ತರಗಳು ಮೇಡಂಗೇ ಹೊಸದು. ಒಡಿಯಾ, ಭೋಜ್‌ಪುರಿ, ಮಾರ್ವಾಡಿ, ಕೊಂಕಣಿ. "ಕನ್ನಡದವಳು, ಆದ್ರೂ ಬರೆಯಲ್ಲ" ಅಂತ ಬೈಸಿಕೊಳ್ಳುತ್ತಿದ್ದ ಒಬ್ಬಳ ಮನೆಯಲ್ಲಿ ಮಾತಾಡುವುದು ತುಳು.

ಆ ಹುಡುಗನನ್ನು ಬೇರೆಯಾಗಿ ಕರೆದು ಮಾತಾಡಿ, ಉಪದೇಶ ಬೇಡ ಅಂದಿದ್ದೆ. ಮೇಡಂ ಅವನಿಗೆ ಕೇಳಿದ್ದು ಇಷ್ಟೇ: ಹಿಂದಿಯಲ್ಲಿ ಬಸ್ಸು ಹೆಣ್ಣು, ಲಾರಿ? ಅವನು ಯೋಚಿಸಿ, ಟ್ರಕ್ ಗಂಡು ಅಂದ. ರೈಲು ಹೆಣ್ಣು, ವಿಮಾನ ಗಂಡು. ಯಾಕೆ ಅಂದರೆ ಅವನಿಗೂ ಗೊತ್ತಿಲ್ಲ. ಕನ್ನಡದಲ್ಲಿ ಎಲ್ಲಕ್ಕೂ "ಬಂತು" ಸಾಕು ಅಂದಾಗ ಹುಡುಗ ಅನುಮಾನದಿಂದ ನೋಡಿದ. "ಎಲ್ಲಾ ಒಂದೇ? ಟ್ರೈನ್ ಬಂತು, ಟ್ರಕ್ ಬಂತು? ಈಸಿ ಮ್ಯಾಮ್!" ಕ್ಷಮೆ, ಬುದ್ಧಿಮಾತು ಯಾವುದೂ ಇಲ್ಲದೆ ಮಾತು ಮತ್ತೆ ಶುರುವಾಯಿತು. ತನಗೆ ಗೊತ್ತಿರುವುದನ್ನು ಟೀಚರ್ ಕಿವಿಗೊಟ್ಟು ಕೇಳಿದರು ಅನ್ನುವುದೇ ಮಗುವಿಗೆ ದೊಡ್ಡದು.

ಎರಡನೆಯದು, ಪಿರಿಯಡ್ಡಿನ ಮೊದಲ ಐದು ನಿಮಿಷ ನಿಜವಾದ ಪ್ರಶ್ನೆ. ಉತ್ತರ ಮೇಡಂಗೆ ಗೊತ್ತಿರಬಾರದು. ಇವತ್ತು ಟಿಫಿನ್‌ಗೆ ಏನು, ನಿನ್ನೆ ಮ್ಯಾಚ್‌ನಲ್ಲಿ ಯಾರು ಔಟಾದ್ರು, ಯಾವ ಟೀಚರ್ ಇವತ್ತು ಬರಲಿಲ್ಲ. ಕೇಳಿ ಸುಮ್ನೆ ಕಾಯಬೇಕು. ಅಮೆರಿಕದ ವಿಜ್ಞಾನ ತರಗತಿಗಳಲ್ಲಿ ಸಂಶೋಧಕಿ ಮೇರಿ ಬಡ್ ರೋ ಟೇಪ್ ಹಾಕಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. 3 ಸೆಕೆಂಡ್ ಕಾದರೆ ಉತ್ತರ ಉದ್ದವಾಯಿತು, ಸುಮ್ಮನಿದ್ದ ಮಕ್ಕಳೂ ಬಾಯಿ ಬಿಟ್ಟರು. ಬೇರೆ ಭಾಷೆಯಲ್ಲಿ ಪದ ಹುಡುಕುವ ಮಗುವಿಗೆ ಇನ್ನೂ ಜಾಸ್ತಿ ಹೊತ್ತು ಬೇಕು. ಉತ್ತರದಲ್ಲಿ ಒಂದೇ ಪದ ಕನ್ನಡ, ಉಳಿದದ್ದು ಇಂಗ್ಲಿಷ್ ಆದರೂ ಸರಿ. ಮೇಡಂ ಅದನ್ನೇ ಪೂರ್ತಿ ಕನ್ನಡದಲ್ಲಿ ಹೇಳಿ ಮುಂದಕ್ಕೆ ಹೋಗಬೇಕು. "ಆಲೂ ಪರಾಠಾ ಬ್ರಿಂಗ್ ಮಾಡಿದೆ" ಅಂದರೆ, "ಓ, ಆಲೂ ಪರಾಠಾ ತಂದಿದ್ದೀಯಾ? ನನಗೆ?" ತಿದ್ದಿದ ಹಾಗೂ ಆಯಿತು, ಮಾತೂ ಮುಂದುವರಿಯಿತು.

ನೋಟ್‌ಬುಕ್ಕಿನ ವಿಷಯಕ್ಕೆ ಜಗಳವೇ ಆಯಿತು. ವಾರಕ್ಕೆ ಒಂದೇ ತರಹದ ತಪ್ಪಿಗೆ ಕೆಂಪು ಇಂಕು ಹಾಕಿ ಅಂದೆ. ಈ ವಾರ ಒತ್ತಕ್ಷರ, ಬರುವ ವಾರ ದೀರ್ಘ. "ಉಳಿದ ತಪ್ಪನ್ನ ಕಣ್ಣಾರೆ ನೋಡಿ ಬಿಟ್ಬಿಡಲಾ?" ಅಂದರು. ಬಿಡಿ ಅಂದೆ. ಪರೀಕ್ಷೆ ಪೇಪರಿನಲ್ಲಿ ಎಲ್ಲವನ್ನೂ ತಿದ್ದಿ, ನೋಟ್‌ಬುಕ್ಕಿನಲ್ಲಿ ಬೇಡ. ಪುಟವೆಲ್ಲ ಕೆಂಪಾದರೆ ಮಗು ಯಾವ ತಪ್ಪನ್ನೂ ನೋಡುವುದಿಲ್ಲ, ಪುಟ ಮಗುಚುತ್ತದೆ ಅಷ್ಟೇ.

ಅದಕ್ಕಿಂತ ದೊಡ್ಡ ಜಗಳ ಆಡುಮಾತಿನದು. ಮಕ್ಕಳಿಗೆ ಕಲಿಸಿದ್ದು "ನಾನು ಹೋಗುತ್ತೇನೆ". ಗೇಟಿನಾಚೆ ಹಾಗೆ ಯಾರೂ ಮಾತಾಡುವುದಿಲ್ಲ. ಮಗು ಧೈರ್ಯ ಮಾಡಿ ಅಂಗಡಿಯಲ್ಲಿ ಪುಸ್ತಕದ ವಾಕ್ಯ ಒಪ್ಪಿಸಿದರೆ ಅಂಗಡಿಯವರು ನಕ್ಕು ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತಾರೆ. ಕನ್ನಡ ಕಲೀರಿ ಅಂತ ಬೋರ್ಡ್ ಹಾಕುವವರೂ ನಾವೇ, ಕಲಿಯಲು ಬಂದವರ ಮುಂದೆ ಎರಡನೇ ವಾಕ್ಯಕ್ಕೇ ಭಾಷೆ ಬದಲಿಸುವವರೂ ನಾವೇ. ಬಾಯಲ್ಲಿ "ಹೋಗ್ತೀನಿ", ಪೇಪರಿನಲ್ಲಿ "ಹೋಗುತ್ತೇನೆ", ಎರಡೂ ಸರಿ ಅಂತ ಕ್ಲಾಸಿನಲ್ಲಿ ಹೇಳಿಬಿಡಿ ಅಂದೆ. ಒಪ್ಪುವುದಕ್ಕೆ ಮೇಡಂ ತುಂಬಾ ದಿನ ತೆಗೆದುಕೊಂಡರು.

ಒಪ್ಪಿದ ಮೇಲೆ ಒಂದು ಹೋಮ್‌ವರ್ಕ್ ಕೊಡಿಸಿದೆ. ಕನ್ನಡ ಬರುವ ಒಬ್ಬರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಬೇಕು, "ನಿಮ್ಮೂರು ಯಾವುದು?" ಅವರು ಭಾಷೆ ಬದಲಿಸಿದರೆ ಹೇಳಬೇಕಾದ ವಾಕ್ಯವನ್ನೂ ಕ್ಲಾಸಿನಲ್ಲೇ ಬಾಯಿಪಾಠ ಮಾಡಿಸಿ ಕಳಿಸಿದರು: "ಕನ್ನಡದಲ್ಲೇ ಹೇಳಿ, ನಾನು ಕಲೀತಾ ಇದ್ದೀನಿ." ಮಕ್ಕಳು ಡ್ರೈವರ್ ಅಂಕಲ್, ಮನೆಗೆಲಸದ ಆಂಟಿ, ಸೆಕ್ಯುರಿಟಿಯವರು, ಹೂವಿನವರು ಎಲ್ಲರನ್ನೂ ಕೇಳಿ ಬಂದರು. ಒಬ್ಬಳು ಹುಡುಗಿಗೆ ಸ್ಕೂಲ್ ಬಸ್ಸಿನ ಅಕ್ಕ ಹಾವೇರಿ ಕಡೆಯವರು ಅಂತ ಗೊತ್ತಾಯಿತು. "ಮ್ಯಾಮ್, ಅಕ್ಕ ಊರಿಗೆ ಹೊಂಟೀನಿ ಅಂದ್ರು. ಅದು ತಪ್ಪಾ?" ಮೇಡಂ ಪಾಠ ಪಕ್ಕಕ್ಕಿಟ್ಟು ಧಾರವಾಡದಲ್ಲಿ ಹೇಗೆ, ಮಂಗಳೂರಿನಲ್ಲಿ ಹೇಗೆ, ತಮ್ಮ ಮಲೆನಾಡಿನಲ್ಲಿ ಹೇಗೆ ಅಂತ ಮಾತಾಡಿ ತೋರಿಸಿದರು. ಮಕ್ಕಳು ನಕಲು ಮಾಡಿ ನಕ್ಕರು. ಬೆಲ್ ಹೊಡೆದದ್ದು ಗೊತ್ತಾಗಲಿಲ್ಲವಂತೆ. ಇದನ್ನು ನನಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಚಾಕಲೇಟ್ ನಿಲ್ಲಿಸಿ ಅಂತಲೂ ಹೇಳಿದ್ದೆ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳುವ ಪ್ರಕಾರ ಒಳಗಿನ ಹುಮ್ಮಸ್ಸಿಗೆ ಬೇಕಾದದ್ದು ಮೂರು: ಆಯ್ಕೆ ನನ್ನದು, ಇದು ನನ್ನ ಕೈಲಾಗುತ್ತೆ, ಇಲ್ಲಿ ನಾನೂ ಒಬ್ಬ ಅನ್ನುವ ಭಾವನೆಗಳು. ಬಹುಮಾನದ ಆಸೆಗೆ ಮಾಡಿದ ಕೆಲಸ ಬಹುಮಾನ ನಿಂತ ದಿನ ನಿಲ್ಲುತ್ತದೆ. ಅದಕ್ಕೆ ಎಂಟು ಪ್ರಶ್ನೆ ಕೊಟ್ಟು ನಾಲ್ಕನ್ನು ನೀವೇ ಆರಿಸಿಕೊಳ್ಳಿ ಅನ್ನುವುದು, ಒಂದು ನಿಮಿಷದ ಮಾತಿಗೆ ವಿಷಯ ಮಕ್ಕಳೇ ಹೇಳುವುದು, ಆ ಮಾತನ್ನು ಶಾಲೆಯ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ದಸರಾ ರಜೆ ಮುಗಿದ ಮೇಲೆ ಮತ್ತೊಮ್ಮೆ ಮಾಡಿಸಿ ಎರಡನ್ನೂ ಆ ಮಗುವಿಗೆ ಮಾತ್ರ ಕೇಳಿಸುವುದು. ಮಾರ್ಕ್ಸ್ ತೋರಿಸದ ಪ್ರಗತಿ ಅಲ್ಲಿ ಕಿವಿಗೇ ಬೀಳುತ್ತದೆ.

ಎಲ್ಲರೂ ಬದಲಾದರು ಅಂತಿಲ್ಲ. ಹಿಂದಿನ ಬೆಂಚಿನಲ್ಲಿ ಈಗಲೂ ಮ್ಯಾಥ್ಸ್ ನಡೆಯುತ್ತದೆ. ಒಬ್ಬಳಿಗೆ ಕನ್ನಡ ಬೇಡವೇ ಬೇಡ, ನೇರವಾಗಿಯೇ ಹೇಳುತ್ತಾಳೆ. ಮಕ್ಕಳಿಗೆ ನೀವು ಇಷ್ಟ ಆಗಲೇಬೇಕು ಅಂತಿಲ್ಲ, ಅವರು ನಿಮ್ಮ ಮುಂದೆ ತಪ್ಪು ಮಾತಾಡಲು ಹೆದರಬಾರದು, ಅಷ್ಟು ಸಾಕು ಅಂತ ನಾನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಇಂಟರ್ನಲ್ ಮಾರ್ಕ್ಸಿನಲ್ಲಿ ಮಾತಿಗೂ ಪಾಲು ಕೊಡಿ ಅಂತ ಮೇಡಂ ಕೋಆರ್ಡಿನೇಟರ್‌ಗೆ ಬರೆದು ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ.

ನಿದ್ದೆ ಸುಧಾರಿಸಿದೆ, ಪೂರ್ತಿ ಸರಿಹೋಗಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲದೆ, ಶಾಲೆಯ ಗೇಟು ನೋಡಿದರೆ ಎದೆ ಹೊಡೆದುಕೊಳ್ಳುವ ಹಂತಕ್ಕೆ ಹೋದರೆ ಪಾಠದ ಉಪಾಯಗಳು ಸಾಲುವುದಿಲ್ಲ, ಮನೋವೈದ್ಯರನ್ನು ನೋಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಶಿಕ್ಷಕರು ಇದನ್ನು ಮಕ್ಕಳಿಗೆ ಬರೆದುಕೊಡುತ್ತಾರೆ, ತಾವು ಮಾಡುವುದಿಲ್ಲ.

ಸದ್ಯಕ್ಕೆ ನಾವು ಪೇರೆಂಟ್ಸ್ ಮೀಟಿಂಗಿಗೆ ತಯಾರಾಗುತ್ತಿದ್ದೇವೆ. ನಾಲ್ಕು ವರ್ಷ ಇದ್ದು ಹೋಗುವವರಿಗೆ ಕನ್ನಡ ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ವಾದಕ್ಕೆ ಇಳಿಯಬೇಡಿ, ಮಾರ್ಕ್ಸ್ ಕಾರ್ಡ್ ತೆಗೆಯುವ ಮೊದಲು ಅವರ ಮಗು ಈ ತಿಂಗಳು ಕನ್ನಡದಲ್ಲಿ ಹೇಳಿದ ಒಂದು ಮಾತನ್ನು ಹೇಳಿ ಅಂದಿದ್ದೇನೆ. ಮೇಡಂ ಹಾಜರಿ ಪುಸ್ತಕದ ಹೆಸರುಗಳನ್ನು ಇಳಿಸಿಕೊಂಡು ಪ್ರತಿ ಹೆಸರಿನ ಮುಂದೆ ಒಂದೊಂದು ಮಾತು ಬರೆಯುತ್ತಿದ್ದಾರೆ. ಕೆಲವು ಹೆಸರುಗಳ ಮುಂದೆ ಇನ್ನೂ ಖಾಲಿ ಇದೆ. ಮೀಟಿಂಗಿಗೆ ಮೊದಲು ಆ ಮಕ್ಕಳಿಗೆ ಏನು ಕೇಳಬೇಕು ಅನ್ನುವುದು ನಮ್ಮ ಮುಂದಿನ ಭೇಟಿಯ ಕೆಲಸ.