ಕುದುರೆ, ನೌಕರಿ ಎರಡೂ ಇರುವಾಗ ಕಾದಂಬರಿ ಬರೆಯಲು ಸಮಯ ಎಲ್ಲಿಂದ ತರಲಿ? ಕುದುರೆ ಮಾರಿಬಿಡಲೇ?

ಮಾರಬೇಡಿ. ನೀವು ಬೀದರಿನಲ್ಲಿ ಬ್ಯಾಂಕ್ ನೌಕರಿ ಮಾಡುತ್ತೀರಿ, ಊರಾಚೆ ಒಂದು ಕುದುರೆ ಸಾಕಿದ್ದೀರಿ, ಕಾದಂಬರಿ ಅರ್ಧಕ್ಕೆ ನಿಂತಿದೆ, ಪೂರ್ತಿ ಬಿಡುವಿನ ಒಂದು ದಿನವೂ ಸಿಗುತ್ತಿಲ್ಲ ಅಂತ ಬರೆದಿದ್ದೀರಿ. ಓದುತ್ತಿದ್ದರೆ ನಾನೇ ಬರೆದ ಹಾಗಿತ್ತು. ಆ ಪೂರ್ತಿ ದಿನ ಹುಡುಕೋಕೆ ಹೋಗಿ ನಾನು ಏನು ಕಳೆದುಕೊಂಡೆ ಅಂತ ಹೇಳುತ್ತೇನೆ, ಆಮೇಲೆ ನಿಮ್ಮ ನಿರ್ಧಾರ.

ನಾನು ಕಲಬುರಗಿಯವನು. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹೊಸ ತೊಗರಿ ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಬರುವ ಕಾಲ, ಆಗ ಮನೆಗೆ ಹೋಗುವ ಹೊತ್ತು ನಮ್ಮ ಕೈಯಲ್ಲಿರುವುದಿಲ್ಲ. ಆಳಂದ ರಸ್ತೆಯಲ್ಲಿ ಸ್ವಲ್ಪ ಹೊಲ ಇದೆ, ಅಲ್ಲೇ ತಗಡಿನ ಲಾಯ. ಕುದುರೆಯ ಹೆಸರು ಚಾಂದನಿ. ನಾಂದೇಡ್ ಜಿಲ್ಲೆಯ ಮಾಳೆಗಾಂವದಲ್ಲಿ ಖಂಡೋಬನ ಜಾತ್ರೆ ಆಗುತ್ತದಲ್ಲ, ಆ ಕುದುರೆ ಸಂತೆಯಲ್ಲಿ ಸೋದರಮಾವನ ಜೊತೆ ಹೋಗಿ ತಂದದ್ದು. ಕಂದು ಮೈ, ಹಣೆಯ ಮೇಲೆ ಬಿಳಿ ಮಚ್ಚೆ, ಅಪರಿಚಿತರು ಬಂದರೆ ಕಿವಿ ಹಿಂದಕ್ಕೆ ಮಡಚುತ್ತಾಳೆ.

ಕಾದಂಬರಿ ಬಹಮನಿ ಕಾಲದ್ದು. ಪರ್ಷಿಯನ್ ಕೊಲ್ಲಿಯ ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದ ಕುದುರೆಗಳನ್ನು ಕೊಂಕಣ ಕರಾವಳಿಯ ಚೌಲ್, ದಾಭೋಳ ಬಂದರಿನಲ್ಲಿ ಇಳಿಸಿ ಘಾಟು ಹತ್ತಿಸಿ ಬೀದರಿಗೆ ತರುತ್ತಿದ್ದರು. ಆ ಕುದುರೆಗಳ ಜೊತೆ ನಡೆದು ಬರುವ ಒಬ್ಬ ಹುಡುಗನ ಕತೆ. ಆಳಂದದ ದರ್ಗಾದ ಹತ್ತಿರ ವರ್ಷಕ್ಕೊಮ್ಮೆ ದೊಡ್ಡ ಸಂತೆ ಕೂಡುತ್ತಿತ್ತು, ಅಲ್ಲಿಗೆ 20,000ದವರೆಗೆ ಕುದುರೆ ಮಾರಾಟಕ್ಕೆ ಬರುತ್ತಿದ್ದವು ಅಂತ ಅಫನಾಸಿ ನಿಕಿತಿನ್ ಅನ್ನುವ ರಷ್ಯದ ವ್ಯಾಪಾರಿ ಬರೆದಿಟ್ಟಿದ್ದಾನೆ. ನಾನು ದಿನಾ ಓಡಾಡುವ ರಸ್ತೆ ಅದು. ಆ ಸಾಲು ಓದಿದ ಮೇಲೆ ಬರೆಯದೆ ಇರೋಕೆ ಆಗಲಿಲ್ಲ.

ಈಗ ನನ್ನ ತಪ್ಪು. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನೀವು ಅದೇ ದಾರಿಯಲ್ಲಿ ಹೊರಟಿದ್ದೀರಿ.

ಮೊದಲು ನನ್ನ ಬೆಳಗು ಹೀಗಿತ್ತು. ಕತ್ತಲಿರುವಾಗಲೇ ಲಾಯಕ್ಕೆ ಹೋಗುವುದು, ನೀರು ಕುಡಿಸುವುದು, ಜೋಳದ ಕಣಿಕೆ ಹಾಕುವುದು, ಆಮೇಲೆ ನೆನೆಸಿದ ಹುರುಳಿ ಮತ್ತು ಒಂದಿಷ್ಟು ತೊಗರಿ ಚುನ್ನಿ. ಚುನ್ನಿ ಅಂದರೆ ಬೇಳೆ ಒಡೆಯುವಾಗ ಉದುರುವ ನುಚ್ಚು, ಹೊಟ್ಟು. ಮಿಲ್ಲಿನಲ್ಲಿ ನಮಗೆ ಅಗ್ಗಕ್ಕೆ ಸಿಗುತ್ತದೆ. ಕಾಳು ತಿಂದ ತಕ್ಷಣ ಕುದುರೆಯನ್ನು ಓಡಿಸಬಾರದು, ಕನಿಷ್ಠ ಒಂದು ಗಂಟೆ ಬಿಡಬೇಕು, ಅದು ನಿಮಗೂ ಗೊತ್ತು. ಆ ಒಂದು ಗಂಟೆ ನಾನು ಕಣಿಕೆ ಹೊರೆಯ ಮೇಲೆ ಕೂತು ಮಿಲ್ಲಿನ ಹಳೇ ತೂಕದ ಚೀಟಿಗಳ ಹಿಂದೆ ಏನಾದರೂ ಗೀಚುತ್ತಿದ್ದೆ. ಅದನ್ನು ಬರವಣಿಗೆ ಅಂತ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸುಮ್ನೆ ಹೊತ್ತು ಕಳೆಯೋಕೆ ಅಂದುಕೊಂಡಿದ್ದೆ. 'ನಿಜವಾದ' ಬರವಣಿಗೆ ಅಂದರೆ ಮೇಜು, ಬಾಗಿಲು ಹಾಕಿದ ಕೋಣೆ, ಒಂದು ಇಡೀ ದಿನ ಅನ್ನುವ ಕಲ್ಪನೆ ತಲೆಯಲ್ಲಿ ಕೂತಿತ್ತು.

ಹಾಗಾಗಿ ಒಂದು ಲೆಕ್ಕ ಹಾಕಿದೆ. ಲೆಕ್ಕ ಬರೆಯುವವನಲ್ವಾ, ತುಂಡು ತುಂಡು ಸಮಯವೆಲ್ಲ ಕೂಡಿಸಿದರೆ ಒಂದು ದಿನ ಆಗುತ್ತದೆ ಅಂತ ಕಂಡಿತು. ವಾರದ ದಿನ ಬೆಳಗ್ಗೆ ಲಾಯಕ್ಕೆ ಹೋಗುವುದು ಬಿಟ್ಟು ಸೀದಾ ಮಿಲ್ಲಿಗೆ ಹೋದರೆ ಬಾಕಿ ಕೆಲಸ ಮುಗಿಯುತ್ತದೆ. ಮೂರು ಹೊತ್ತು ಹಾಕುವ ಕಾಳನ್ನು ಸಂಜೆ ಒಂದೇ ಸಲ ಹಾಕಿದರಾಯಿತು. ಶನಿವಾರ ರಾತ್ರಿ ಭಾನುವಾರದ್ದನ್ನೂ ಸೇರಿಸಿ ಇಟ್ಟುಬಿಟ್ಟರೆ ಭಾನುವಾರ ಪೂರ್ತಿ ನನ್ನದು. ಮನೆಯಲ್ಲಿ ಎಮ್ಮೆಗೆ ಒಂದು ಬುಟ್ಟಿ ತುಂಬಾ ಹಾಕಿ ಹೋಗುತ್ತಿದ್ದ ಅಪ್ಪನನ್ನು ನೋಡಿ ಬೆಳೆದವನು ನಾನು. ಕುದುರೆಗೂ ನಡೆಯುತ್ತದೆ ಅಂದುಕೊಂಡೆ.

ನಡೆಯುವುದಿಲ್ಲ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು, 8ರಿಂದ 15 ಲೀಟರ್ ಅಷ್ಟೇ. ಜಾಸ್ತಿ ಆದರೆ ವಾಂತಿ ಮಾಡಿ ಹೊರಹಾಕಲೂ ಅದಕ್ಕೆ ಬರುವುದಿಲ್ಲ. 400 ಕಿಲೋ ತೂಕದ ಕುದುರೆಗೆ ಒಂದು ಹೊತ್ತಿಗೆ 2 ಕಿಲೋಗಿಂತ ಜಾಸ್ತಿ ಕಾಳು ಹಾಕಬಾರದು. ಜೀರ್ಣವಾಗದ ಕಾಳು ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ. ಅಲ್ಲಿ ಹುಟ್ಟಿದ ವಿಷ ರಕ್ತಕ್ಕೆ ಸೇರಿ ಗೊರಸಿನವರೆಗೆ ಹೋಗುತ್ತದೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು.

ಭಾನುವಾರಗಳ ಗತಿಯನ್ನೂ ಹೇಳಬೇಕು. ಬೆಳಗ್ಗೆ ಕೂತರೆ ಹೋದ ವಾರ ಎಲ್ಲಿ ಬಿಟ್ಟಿದ್ದೆ ಅಂತ ನೆನಪಾಗಲು ಹಿಂದಿನದ್ದೆಲ್ಲ ಓದಬೇಕು. ಓದಿದರೆ ತಿದ್ದಬೇಕು ಅನ್ನಿಸುತ್ತದೆ. ತಿದ್ದುವಷ್ಟರಲ್ಲಿ ಯಾರದೋ ಮದುವೆ, ತೊಟ್ಟಿಲು, ಮನೆಗೆ ಬಂದವರ ಊಟ. ಮಧ್ಯಾಹ್ನ ಜೋಳದ ರೊಟ್ಟಿ ಪುಂಡಿಪಲ್ಯ ಉಂಡು ಕಣ್ಣು ಎಳೆಯುತ್ತದೆ. ಸಂಜೆ ಹೊತ್ತಿಗೆ ಒಂದು ಪ್ಯಾರಾ, ಅದೂ ಹಿಡಿಸದ ಪ್ಯಾರಾ. ಇಡೀ ದಿನ ಕೊಟ್ಟೂ ಆಗಲಿಲ್ಲವಲ್ಲ ಅನ್ನುವ ಸಂಕಟ ಬೇರೆ. ಆದರೂ ನನಗೆ ಬುದ್ಧಿ ಬರಲಿಲ್ಲ, ಇನ್ನೂ ಎರಡು ದಿನ ರಜೆ ಕೂಡಿಸಿದರೆ ಸರಿಹೋಗುತ್ತದೆ ಅಂತಲೇ ಯೋಚನೆ ಮಾಡುತ್ತಿದ್ದೆ.

ಅಂಥ ಒಂದು ಭಾನುವಾರ ಬೆಳಗ್ಗೆ ಪಕ್ಕದ ಹೊಲದ ಕಾಕಾ ಫೋನ್ ಮಾಡಿದರು. "ತಮ್ಮಾ, ನಿನ್ನ ಕುದುರಿ ಯಾಕೋ ನೆಲಕ್ಕ ಬಿದ್ದು ಹೊಳ್ಳಾಡ್ಲಿಕತ್ತದ, ಲಗೂ ಬಾ." ಹೋಗಿ ನೋಡಿದರೆ ಚಾಂದನಿ ಬೆವರಿನಲ್ಲಿ ತೊಯ್ದು ಹೋಗಿದ್ದಳು. ಎದ್ದು ನಿಲ್ಲುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುವುದು, ಮತ್ತೆ ಬೀಳುವುದು. ಮೇಲ್ದುಟಿ ಮಡಚಿಕೊಳ್ಳುತ್ತಿತ್ತು. ಲಾಯದಲ್ಲಿ ಲದ್ದಿ ಇರಲಿಲ್ಲ. ಪಕ್ಕೆಗೆ ಕಿವಿ ಇಟ್ಟೆ. ಯಾವಾಗಲೂ ಗುಡುಗುಡು ಅನ್ನುವ ಹೊಟ್ಟೆ ಅವತ್ತು ಸದ್ದೇ ಮಾಡಲಿಲ್ಲ.

ಡಾಕ್ಟರ್ ಬಂದು ಮೂಗಿನಿಂದ ಜಠರಕ್ಕೆ ಪೈಪು ಇಳಿಸಿದರು, ನೋವಿಗೆ ಇಂಜೆಕ್ಷನ್ ಕೊಟ್ಟರು, ಪೈಪಿನಲ್ಲೇ ಪ್ಯಾರಾಫಿನ್ ಎಣ್ಣೆ ಹಾಕಿದರು. ಕಾಳಿನ ಬಕೆಟ್ ನೋಡಿ ನನ್ನ ಕಡೆ ತಿರುಗಿದರು. "ಇಷ್ಟು ಒಮ್ಮೆಗೇ ಹಾಕೀರೇನ್ರೀ? ಇದು ಎಮ್ಮಿ ಅಲ್ರೀ. ಎಮ್ಮಿ ತಿಂದದ್ದು ಮೆಲುಕು ಹಾಕ್ತದ, ಕುದುರಿ ಹಾಕಂಗಿಲ್ಲ. ಸ್ವಲ್ಪ ಸ್ವಲ್ಪ ತಿನ್ನೋ ಪ್ರಾಣಿ ಇದು." ರಾತ್ರಿ ಹೊತ್ತಿಗೆ ಲದ್ದಿ ಹಾಕಿದಳು, ಬದುಕಿದಳು. ಆದರೆ ಒಂದೆರಡು ದಿನದಲ್ಲಿ ಮುಂಗಾಲು ಎರಡೂ ಮುಂದಕ್ಕೆ ಚಾಚಿ, ಭಾರವೆಲ್ಲ ಹಿಂದಕ್ಕೆ ಹಾಕಿ ನಿಂತಳು. ಗೊರಸು ಮುಟ್ಟಿದರೆ ಬಿಸಿ. ಐಸ್ ಫ್ಯಾಕ್ಟರಿಯಿಂದ ಗಡ್ಡೆ ತಂದು, ಒಡೆದು, ಬಕೆಟಿನಲ್ಲಿ ಹಾಕಿ ಅವಳ ಕಾಲು ಇಳಿಸಿ ಹಿಡಿದು ಕೂತೆವು, ನಾನು ಮತ್ತು ಕಾಕಾ, ರಾತ್ರಿಯಿಡೀ. ಸ್ವಲ್ಪ ಸುಧಾರಿಸಿದ ಮೇಲೆ ಹುಮನಾಬಾದ್ ಮೇಲಿಂದ ಬೀದರಿನ ಪಶುವೈದ್ಯ ಕಾಲೇಜಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ. ಗೊರಸಿನ ಒಳಗಿನ ಮೂಳೆ ಕೊಂಚ ತಿರುಗಿತ್ತು. ಈಗ ನಡೆಯುತ್ತಾಳೆ, ಮೇಯುತ್ತಾಳೆ. ಬೆನ್ನೇರಿ ಓಡಿಸುವಂತಿಲ್ಲ, ಇನ್ನು ಮುಂದೆಯೂ ಇಲ್ಲ.

ನೀವು ಕಾದಂಬರಿ ಬಗ್ಗೆ ಕೇಳಿದಿರಿ, ನಾನು ಗೊರಸಿನ ಬಗ್ಗೆ ಹೇಳುತ್ತಿದ್ದೇನೆ ಅನ್ನಿಸಬಹುದು. ಎರಡೂ ಕಡೆ ನಾನು ಮಾಡಿದ್ದು ಒಂದೇ ತಪ್ಪು. ಸ್ವಲ್ಪ ಸ್ವಲ್ಪ ದಿನಾ ಕೊಡಬೇಕಾದ್ದನ್ನು ಕೂಡಿಸಿಟ್ಟು ಒಂದೇ ಸಲ ಸುರಿದೆ. ಅವಳು ಕಾಯಿಲೆ ಬಿದ್ದಾಗ ಲಾಯದಲ್ಲೇ ಮಲಗುತ್ತಿದ್ದೆನಲ್ಲ, ಆಗ ಆ ಹಳೇ ತೂಕದ ಚೀಟಿಗಳ ಕಟ್ಟು ಬಿಚ್ಚಿ ನೋಡಿದೆ. ಕಾದಂಬರಿಯಲ್ಲಿ ಏನೇನು ಚೆನ್ನಾಗಿ ಬಂದಿತ್ತೋ ಅದೆಲ್ಲ ಆ ಚೀಟಿಗಳಲ್ಲೇ ಹುಟ್ಟಿದ್ದು. ಮೇಜಿನ ಮುಂದೆ ಕೂತು ಬರೆದದ್ದರಲ್ಲಿ ಉಳಿಸಿಕೊಳ್ಳುವಂಥದ್ದು ಬಹಳ ಕಡಿಮೆ. ಬೆಳಗ್ಗೆ ಬರೆದ ನಾಲ್ಕು ಸಾಲು ಇಡೀ ದಿನ ತಲೆಯಲ್ಲಿ ಓಡುತ್ತಿದ್ದವು, ತೂಕದ ಲೆಕ್ಕ ಬರೆಯುವಾಗಲೂ ಓಡುತ್ತಿದ್ದವು. ಮರುದಿನ ಕೂತರೆ ಮುಂದಿನ ಸಾಲು ತಯಾರಾಗಿರುತ್ತಿತ್ತು, ಹಿಂದಿನದ್ದು ಓದುವ ಗೋಜೇ ಇರಲಿಲ್ಲ. ನಾನು ಕತ್ತರಿಸಿ ಎಸೆದದ್ದು ಅದೇ ಗಂಟೆಯನ್ನು.

ಇನ್ನೊಂದು ಮಾತು. ನನ್ನ ಹಳೇ ಅಧ್ಯಾಯವೊಂದರಲ್ಲಿ ಘಾಟಿನ ಮೇಲೆ ಒಂದು ಕುದುರೆಗೆ ಹೊಟ್ಟೆಶೂಲೆ ಬರುತ್ತದೆ. ಅದು ಕೆನೆಯುತ್ತದೆ, ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ, ಜನ ಚದುರುತ್ತಾರೆ ಅಂತೆಲ್ಲ ಬರೆದಿದ್ದೆ. ಸುಳ್ಳು. ಚಾಂದನಿ ಕೆನೆಯಲೇ ಇಲ್ಲ. ತನ್ನ ಪಕ್ಕೆಯನ್ನು ನೋಡಿ ನೋಡಿ ನೆಲ ಕೆರೆದಳು, ಅಷ್ಟೇ. ಆ ಅಧ್ಯಾಯ ಹರಿದು ಹಾಕಿ ಮತ್ತೆ ಬರೆದೆ. ಕುದುರೆ ಮಾರಿ ಸಮಯ ಕೊಂಡುಕೊಂಡಿದ್ದರೆ ನನಗೆ ಆ ಪುಟ ಸಿಗುತ್ತಿರಲಿಲ್ಲ. ನಿಮ್ಮ ಕಾದಂಬರಿಯಲ್ಲಿ ಕುದುರೆ ಇಲ್ಲದಿರಬಹುದು. ಆದರೂ ದಿನಾ ಬೆಳಗ್ಗೆ ನಿಮ್ಮನ್ನು ಹಾಸಿಗೆಯಿಂದ ಎಬ್ಬಿಸುವ, ಫೋನ್ ಮುಟ್ಟಲು ಬಿಡದ ಇನ್ನೊಂದು ಜೀವ ನಿಮ್ಮ ಮನೆಯಲ್ಲಿ ಯಾವುದಿದೆ ಹೇಳಿ. ಕುದುರೆ ಮಾರಿದರೆ ಉಳಿಯುವ ಸಮಯ ಕಾದಂಬರಿಗೆ ಹೋಗುವುದಿಲ್ಲ, ನಿದ್ದೆಗೋ ಫೋನಿಗೋ ಹೋಗುತ್ತದೆ. ಬರೆದಿಟ್ಟುಕೊಳ್ಳಿ.

ನಿಕಿತಿನ್ ಬಗ್ಗೆ ಹೇಳಿದೆನಲ್ಲ, ಅವನೂ ನಮ್ಮಂಥವನೇ. 1470ರ ಆಸುಪಾಸಿನಲ್ಲಿ ಒಂದು ಗಂಡು ಕುದುರೆ ಹಡಗಿನಲ್ಲಿ ಹಾಕಿಕೊಂಡು ಈ ಕಡೆ ಬಂದ. ಜುನ್ನಾರದಲ್ಲಿ ಅಲ್ಲಿನ ಅಧಿಕಾರಿ ಕುದುರೆ ಕಸಿದುಕೊಂಡ, ಧರ್ಮ ಬದಲಿಸಿದರೆ ಕೊಡುತ್ತೇನೆ ಅಂದ. ಒಬ್ಬ ದೊಡ್ಡ ಮನುಷ್ಯನ ಕೈಕಾಲು ಹಿಡಿದು ಬಿಡಿಸಿಕೊಂಡ. ಕೊನೆಗೆ ನಿಮ್ಮ ಬೀದರಿನಲ್ಲೇ ಅದನ್ನು ಮಾರಿದ, ಅಲ್ಲಿಯವರೆಗೆ ಮೇವಿನ ಖರ್ಚು ಅವನದೇ. ಇಲ್ಲಿನವರು ಕುದುರೆಗೆ ಕಡಲೆ ಹಾಕುತ್ತಾರೆ, ಅಕ್ಕಿಯನ್ನು ಸಕ್ಕರೆ, ಎಣ್ಣೆ ಹಾಕಿ ಬೇಯಿಸಿ ತಿನ್ನಿಸುತ್ತಾರೆ ಅಂತಲೂ ಬರೆದಿದ್ದಾನೆ. ಪರದೇಶ, ಗೊತ್ತಿಲ್ಲದ ಭಾಷೆ, ತಲೆ ಮೇಲೆ ವ್ಯಾಪಾರ, ಜೊತೆಗೆ ಕುದುರೆ. ಅವನಿಗೆ ಯಾರೂ ಭಾನುವಾರ ಬಿಡುವು ಮಾಡಿಕೊಟ್ಟಿರಲಿಲ್ಲ. ಕುದುರೆ ಇದ್ದದ್ದರಿಂದಲೇ ಕುದುರೆ ಮೇವಿನ ಸಾಲು ಅವನ ಬರಹದಲ್ಲಿದೆ.

ಈಗ ನಾನು ಮಾಡುವುದು ಇಷ್ಟು. ಹುರುಳಿ ಡಬ್ಬಿಯ ಮೇಲೇ ನೋಟ್‌ಬುಕ್ ಇಡುತ್ತೇನೆ, ಮನೆಗೆ ತರುವುದಿಲ್ಲ. ಕಾಳು ಹಾಕಿ ಕೂತರೆ ಒಂದು ಗಂಟೆ. ಬರೆಯೋಕೆ ಏನೂ ತೋಚದಿದ್ದರೂ ಅಲ್ಲೇ ಕೂತಿರುತ್ತೇನೆ. ಹಿಂದಿನ ಪುಟ ತಿರುವುವುದಿಲ್ಲ. ವಾಕ್ಯದ ನಡುವೆ ಇದ್ದರೂ ಹೊತ್ತಾದ ಮೇಲೆ ಎದ್ದುಬಿಡುತ್ತೇನೆ, ಮರುದಿನ ಹಿಡಿಯೋಕೆ ಆ ಅರ್ಧ ವಾಕ್ಯವೇ ಸಾಕು. ಭಾನುವಾರ ಬರೆಯುವುದೇ ಇಲ್ಲ, ಬರೀ ಟೈಪ್ ಮಾಡುತ್ತೇನೆ, ನಡುವೆ ಯಾರು ಬಂದರೂ ತೊಂದರೆ ಇಲ್ಲ. ತೊಗರಿ ಸೀಸನ್ನಿನಲ್ಲಿ ನಾಲ್ಕೈದು ಸಾಲು ಬಂದರೆ ಬಹಳ ಆಯಿತು, ಆದರೆ ಭಾನುವಾರ ಬಿಟ್ಟು ಒಂದು ದಿನವೂ ತಪ್ಪಿಸುವುದಿಲ್ಲ. ನಿಮಗೂ ಮಾರ್ಚ್ ತಿಂಗಳಲ್ಲಿ ಬ್ಯಾಂಕಿನಲ್ಲಿ ಹಾಗೇ ಆಗುತ್ತದೆ, ಆಗ ರಜೆ ಹಾಕಿ ಬರೆಯುತ್ತೇನೆ ಅಂತ ಹೋಗಬೇಡಿ. ನೌಕರಿ ಬಿಡುವ ಯೋಚನೆ ಬರೆದಿದ್ದೀರಿ, ಅದರ ಬಗ್ಗೆ ನಾನು ಚರ್ಚೆಯನ್ನೇ ಮಾಡುವುದಿಲ್ಲ. ಕುದುರೆಗೆ ತಿಂಗಳ ಖರ್ಚು ಎಷ್ಟು ಅಂತ ನಿಮಗೆ ಗೊತ್ತಿದೆ.

ಲಾಯಕ್ಕೆ ಒಬ್ಬ ಆಳು ಇಟ್ಟರೆ ಹೇಗೆ ಅಂತಲೂ ಕೇಳಿದ್ದೀರಿ. ಇಡಿ. ಲದ್ದಿ ಬಳಿಯೋಕೆ, ನೀರು ತುಂಬೋಕೆ, ಮಧ್ಯಾಹ್ನ ಕಣಿಕೆ ಹಾಕೋಕೆ ಇಡಿ. ಕುದುರೆ ದಿನಕ್ಕೆ 25ರಿಂದ 40 ಲೀಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಅದಕ್ಕಿಂತ ಜಾಸ್ತಿ, ಅಷ್ಟು ಹೊರುವ ಹೊತ್ತಾದರೂ ನಿಮಗೆ ಉಳಿಯುತ್ತದೆ. ಬೆಳಗಿನ ಕಾಳು ಮಾತ್ರ ನೀವೇ ಅಳೆದು ಹಾಕಿ. ಆಳಿನ ಕೈಗೆ ಕಾಳಿನ ಡಬ್ಬಿ ಕೊಡಬೇಡಿ, ಅಳತೆಗೆ ಒಂದು ಡಬ್ಬಿ ಗೊತ್ತು ಮಾಡಿ ಗುರುತು ಹಾಕಿಡಿ. ಮೇವು ಬದಲಿಸುವುದಿದ್ದರೆ 7ರಿಂದ 10 ದಿನ ಹಳೇದರ ಜೊತೆ ಬೆರೆಸುತ್ತಾ ಬದಲಿಸಿ. ಗೊರಸು ಕೆತ್ತಿಸುವುದು 6ರಿಂದ 8 ವಾರಕ್ಕೊಮ್ಮೆ. ನೀವು ಬೀದರಿನಲ್ಲೇ ಇದ್ದೀರಿ, ನಂದಿನಗರದ ಪಶುವೈದ್ಯ ಕಾಲೇಜು ಹತ್ತಿರವೇ ಇದೆ, ಏನೂ ಆಗದಿದ್ದಾಗಲೇ ಒಮ್ಮೆ ಹೋಗಿ ತೋರಿಸಿಕೊಂಡು ಬನ್ನಿ. ಹೋಗುವಾಗ ನೋಟ್‌ಬುಕ್ ಜೊತೆಗಿರಲಿ, ಅಲ್ಲಿ ಕಾಯಬೇಕಾಗುತ್ತದೆ.