ಕಿಟ್ ಬ್ಯಾಗು ಕಿಗಾಲಿಗೆ ಹೊರಡುವ ಮುನ್ನ

ಊರಿನ ಕ್ಲಬ್ಬೊಂದು ಹೊರದೇಶದ ಮಕ್ಕಳ ಕ್ರಿಕೆಟ್ ತರಬೇತಿಗೆ ನೆರವಾಗುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರ ನಮ್ಮ ಕ್ರೀಡೆ ಮತ್ತು ಲೆಕ್ಕಪತ್ರ ಬಳಗದ್ದು.

*ಪ್ರಶ್ನೆ: ನಮ್ಮ ಭಾನುವಾರದ ಕ್ರಿಕೆಟ್ ಕ್ಲಬ್ಬಿನಲ್ಲಿ ಐದಾರು ಕನ್ನಡ ಕುಟುಂಬಗಳಿವೆ. ರುವಾಂಡಾದಲ್ಲಿ ಮಕ್ಕಳಿಗೆ ಕ್ರಿಕೆಟ್ ಕಲಿಸುವ ದತ್ತಿ ಸಂಸ್ಥೆಗೆ ನೆರವಾಗಬೇಕೆಂದಿದ್ದೇವೆ. ಹಳೆ ಬ್ಯಾಟು, ಪ್ಯಾಡು, ಬಿಳಿ ಉಡುಪು ಸ್ಟೋರಿನಲ್ಲಿ ರಾಶಿ ಬಿದ್ದಿವೆ. ಪೆಟ್ಟಿಗೆ ಕಟ್ಟಿ ಕಳಿಸಿದರೆ ಸಾಕೇ?*
– ಓದುಗರು, ರೆಡಿಂಗ್, ಇಂಗ್ಲೆಂಡ್

ಸಾಲದು. ಏನೂ ಕಟ್ಟುವ ಮೊದಲು ಸಂಸ್ಥೆಯನ್ನೇ ಕೇಳಿ: ಮಕ್ಕಳ ವಯಸ್ಸೆಷ್ಟು, ಆಡುವುದು ಹುಲ್ಲಿನ ಮೇಲೋ ಕಾಂಕ್ರೀಟಿನ ಮೇಲೋ, ಈಗ ಏನು ಕಡಿಮೆ ಬಿದ್ದಿದೆ, ಸಾಮಾನನ್ನು ಅಲ್ಲಿನ ಕಸ್ಟಮ್ಸ್‌ನಿಂದ ಬಿಡಿಸಿಕೊಳ್ಳುವವರು ಯಾರು. ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಪೆಟ್ಟಿಗೆ ಕಳಿಸಲೇಬೇಡಿ.

ಬಿಳಿ ಉಡುಪನ್ನು ಮೊದಲೇ ಪಕ್ಕಕ್ಕಿಡಿ. ಸ್ಥಳೀಯ ಬಟ್ಟೆ ಉದ್ಯಮವನ್ನು ಉಳಿಸಿಕೊಳ್ಳಲು ರುವಾಂಡಾ 2016ರಲ್ಲಿ ಹಳೆ ಬಟ್ಟೆಯ ಆಮದು ಸುಂಕವನ್ನು ಕಿಲೋಗೆ 0.20 ಡಾಲರಿನಿಂದ 2.50 ಡಾಲರಿಗೆ ಏರಿಸಿತು. ನೀವು ಪುಕ್ಕಟೆ ಕೊಟ್ಟ ಪ್ಯಾಂಟನ್ನು ಬಿಡಿಸಿಕೊಳ್ಳಲು ಅವರು ಕೈಯಿಂದ ದುಡ್ಡು ಹಾಕಬೇಕಾದೀತು. ಪಾಲಿಥೀನ್ ಚೀಲಕ್ಕೆ ಅಲ್ಲಿ 2008ರಿಂದಲೂ ನಿಷೇಧವಿದೆ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಚೆಂಡು, ಗ್ಲೌಸುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ.

ಉಳಿದದ್ದನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿ. ಬ್ಯಾಟಿನ ಹಲಗೆ ಹಿಡಿದು ಹಿಡಿಕೆಯನ್ನು ತಿರುಚಿ. ಕಿರುಗುಟ್ಟಿದರೆ, ಸಡಿಲವೆನಿಸಿದರೆ ಬೇಡ. ತುದಿಯಲ್ಲಿ ನೀರು ಕುಡಿದು ಸೀಳಿದ್ದೂ ಬೇಡ. ಕ್ಲಬ್ಬುಗಳಲ್ಲಿ ಮಿಕ್ಕುವುದು ಹೆಚ್ಚಾಗಿ ದೊಡ್ಡವರ ಬ್ಯಾಟು. ನಾಲ್ಕೂವರೆ ಅಡಿಯಿಂದ ಐದಡಿ ಎತ್ತರದ ಮಕ್ಕಳಿಗೆ ಬೇಕಾದದ್ದು 4 ಅಥವಾ 5ನೇ ಸೈಜಿನದು. ಭಾರದ ಬ್ಯಾಟು ಕೊಟ್ಟರೆ ಮಗು ಕೆಳಗಿನ ಕೈಯಿಂದಲೇ ಎಲ್ಲವನ್ನೂ ಎಳೆದು ಹೊಡೆಯಲು ಕಲಿಯುತ್ತದೆ, ಆ ಚಾಳಿ ಆಮೇಲೆ ಬಿಡಿಸುವುದು ಕಷ್ಟ. ಪ್ಯಾಡಿನ ವೆಲ್ಕ್ರೋ ಅಂಟುತ್ತದೆಯೇ ನೋಡಿ. ಪೆಟ್ಟು ತಿಂದ, ಎಷ್ಟು ಹಳೆಯದೆಂದು ಗೊತ್ತಿಲ್ಲದ ಹೆಲ್ಮೆಟ್ ಯಾವ ಮಗುವಿಗೂ ಬೇಡ. ಒಳಗಿನ ಫೋಮ್ ಸತ್ತಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಮೊಳೆಯ ಬೂಟು ಕಾಂಕ್ರೀಟಿನ ಮೇಲೆ ಜಾರುತ್ತದೆ. ಚರ್ಮದ ಚೆಂಡು ಅದೇ ಕಾಂಕ್ರೀಟಿಗೆ ಉಜ್ಜಿ ಬೇಗ ಹೊಲಿಗೆ ಬಿಚ್ಚಿಕೊಳ್ಳುತ್ತದೆ.

ಯಾರಾದರೂ ಹೋಗುವವರಿದ್ದರೆ 23 ಕಿಲೋದ ಒಂದು ಬ್ಯಾಗಿನಲ್ಲಿ 8 ಚಿಕ್ಕ ಬ್ಯಾಟು, 60 ಟೆನಿಸ್ ಚೆಂಡು, ಚಪ್ಪಟೆ ಕೋನುಗಳ ಒಂದು ಕಟ್ಟು ಹಿಡಿಸುತ್ತವೆ, ತೂಕವೂ ಮಿಗುತ್ತದೆ. ಉಳಿದ ಒಳ್ಳೆಯ ಸಾಮಾನನ್ನು ಕ್ಲಬ್ಬಿನಲ್ಲೇ ಮಾರಿ, ಹಣವನ್ನು ಅಲ್ಲಿನ ತರಬೇತುದಾರರ ಬಸ್ ಚಾರ್ಜಿಗೆ, ದಿನಭತ್ಯೆಗೆ ಕೊಡಿ. ನಮ್ಮ ಅಭಿಪ್ರಾಯದಲ್ಲಿ ಇಡೀ ನೆರವಿನ ಜೀವಾಳ ಇದೇ. ಪ್ರತಿ ವಾರ ಶಾಲೆಗೆ ಬರುವ ತರಬೇತುದಾರ ಇಲ್ಲದ ಕಡೆ ಹೊಸ ಕಿಟ್ಟು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರುತ್ತದೆ. ಆದರೆ ಬಸ್ ಚಾರ್ಜಿನ ಫೋಟೋ ತೆಗೆಯಲು ಬರುವುದಿಲ್ಲವಲ್ಲ, ಹಾಗಾಗಿ ದಾನಿಗಳಿಗೆ ಪೆಟ್ಟಿಗೆಯ ಮೇಲೇ ಮೋಹ.

ಅಲ್ಲಿ ಆಟ ತಳವೂರಿಲ್ಲ ಎಂದೇನೂ ಭಾವಿಸಬೇಡಿ. ರಾಜಧಾನಿ ಕಿಗಾಲಿಯ ಹೊರವಲಯದ ಗಹಂಗಾ ಕ್ರಿಕೆಟ್ ಕ್ರೀಡಾಂಗಣ ಬಳಕೆಗೆ ಬಂದದ್ದು 2017ರಲ್ಲಿ. ಅದಕ್ಕೆ ಹಣ ಕೂಡಿಸಲು ರುವಾಂಡಾ ತಂಡದ ಆಗಿನ ನಾಯಕ ಎರಿಕ್ ದುಸಿಂಗಿಜಿಮಾನಾ 2016ರಲ್ಲಿ ನೆಟ್‌ನಲ್ಲಿ 51 ಗಂಟೆ ಬ್ಯಾಟ್ ಬೀಸಿದ್ದರು. 2023ರ 19 ವರ್ಷದೊಳಗಿನ ಹುಡುಗಿಯರ ಟಿ20 ವಿಶ್ವಕಪ್‌ನಲ್ಲಿ ರುವಾಂಡಾ ಜಿಂಬಾಬ್ವೆಯನ್ನೂ ವೆಸ್ಟ್ ಇಂಡೀಸನ್ನೂ ಸೋಲಿಸಿತು.

*ಪ್ರಶ್ನೆ: ಕ್ಲಬ್ಬಿನಲ್ಲಿ ಊಟದ ಕೂಟ ಮತ್ತು ರಾಫಲ್ (ಬಹುಮಾನದ ಲಾಟರಿ) ಇಟ್ಟು ಹಣ ಎತ್ತುತ್ತಿದ್ದೇವೆ. ದಾನದ ಮೇಲೆ ಸರ್ಕಾರ ಸೇರಿಸಿ ಕೊಡುವ ಗಿಫ್ಟ್ ಏಡ್ ಸಿಗುತ್ತದೆಯೇ?*
– ಕ್ಲಬ್ ಖಜಾಂಚಿ, ಲೆಸ್ಟರ್

ಊಟದ ಟಿಕೆಟ್ಟಿಗೂ ರಾಫಲ್ ಟಿಕೆಟ್ಟಿಗೂ ಇಲ್ಲ. ಅವು ಖರೀದಿ, ದಾನವಲ್ಲ. ಶುದ್ಧ ದಾನಕ್ಕೆ ಮಾತ್ರ ಸಿಗುತ್ತದೆ: 100 ಪೌಂಡಿಗೆ ಸರ್ಕಾರದಿಂದ ಮತ್ತೆ 25 ಪೌಂಡ್. ದಾನಿ ಬ್ರಿಟನ್ನಿನಲ್ಲಿ ಆ 25 ಪೌಂಡಿನಷ್ಟಾದರೂ ತೆರಿಗೆ ಕಟ್ಟಿರಬೇಕು. ಹೆಸರು, ಮನೆ ವಿಳಾಸದೊಂದಿಗೆ ಘೋಷಣೆ ಬರೆದುಕೊಡಬೇಕು. ಖಜಾಂಚಿಗಳು ಎಡವುವುದು ಇಲ್ಲೇ. ಎಲ್ಲರ ದುಡ್ಡನ್ನೂ ಕ್ಲಬ್ ಖಾತೆಗೆ ಸುರಿದು ಒಂದೇ ಚೆಕ್ ಕಳಿಸಿದರೆ ಯಾರದು ಎಷ್ಟೆಂದು ದತ್ತಿ ಸಂಸ್ಥೆಗೆ ಗೊತ್ತಾಗದು, 25 ಪೌಂಡ್ ಕೈ ತಪ್ಪಿತು. ಪ್ರಾಯೋಜಕರ ಹಾಳೆ ಇಟ್ಟು ಒಬ್ಬೊಬ್ಬರದೂ ಬರೆಸಿಕೊಳ್ಳಿ, ಇಲ್ಲವೇ ನೇರ ಸಂಸ್ಥೆಯ ಖಾತೆಗೇ ಹಾಕಿಸಿ.

ಕೂಟದ ಜಾಗದಲ್ಲೇ ಟಿಕೆಟ್ ಮಾರುವ ರಾಫಲ್‌ಗೆ ಪರವಾನಗಿ ಬೇಡ. ಬಂದ ಹಣದಲ್ಲಿ ಖರ್ಚಿಗೆ 100 ಪೌಂಡ್, ಬಹುಮಾನಕ್ಕೆ 500 ಪೌಂಡ್ ಮೀರಿ ಮುರಿದುಕೊಳ್ಳುವಂತಿಲ್ಲ. ವಾರವಿಡೀ ಊರಲ್ಲೆಲ್ಲ ಟಿಕೆಟ್ ಮಾರುವುದಾದರೆ ಸ್ಥಳೀಯ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಕ್ಲಬ್ಬು ಸಮುದಾಯ ಹವ್ಯಾಸಿ ಕ್ರೀಡಾ ಕ್ಲಬ್ ಎಂದು ನೋಂದಾಯಿತವಾಗಿದ್ದರೆ, ಕ್ಲಬ್ಬಿನದೇ ಹಣ ಕೊಡುವ ಮುನ್ನ ನಿಯಮಾವಳಿ ತೆರೆದು ನೋಡಿ. ದತ್ತಿ ಸಂಸ್ಥೆಗೆ ದಾನ ಮಾಡಲು ಕಾನೂನಿನ ಅಡ್ಡಿಯಿಲ್ಲ, ಆದರೆ ಅದಕ್ಕೆ ನಿಮ್ಮ ನಿಯಮಾವಳಿಯಲ್ಲೂ ಅವಕಾಶವಿರಬೇಕು.

*ಪ್ರಶ್ನೆ: ಎರಡು ವಾರ ಸ್ವಯಂಸೇವಕಿಯಾಗಿ ಹೋಗುವ ಆಸೆ. ಯಾವ ತಿಂಗಳು ಒಳ್ಳೆಯದು? ಏನು ಕಲಿತು ಹೋಗಬೇಕು?*
– ಓದುಗರು, ಕೊವೆಂಟ್ರಿ

ಬ್ರಿಟನ್ನಿನಿಂದ ಹೀಗೆ ಸ್ವಯಂಸೇವಕರನ್ನು ಕಳಿಸುವ ಸಂಸ್ಥೆಗಳಲ್ಲಿ ಹೆಸರಾದದ್ದು 2005ರಲ್ಲಿ ಶುರುವಾದ ಕ್ರಿಕೆಟ್ ವಿದೌಟ್ ಬೌಂಡರೀಸ್. ಆಫ್ರಿಕಾದ ದೇಶಗಳಲ್ಲಿ ತರಬೇತಿಯ ಜೊತೆ ಎಚ್‌ಐವಿ ಕುರಿತ ಅರಿವನ್ನೂ ಹಂಚುತ್ತದೆ. ರುವಾಂಡಾದಲ್ಲಿ ಮಾರ್ಚ್‌ನಿಂದ ಮೇ ಜೋರು ಮಳೆ, ಅಕ್ಟೋಬರ್ ಹೊತ್ತಿಗೆ ಮತ್ತೊಂದು ಸುತ್ತು. ಜೂನ್‌ನಿಂದ ಆಗಸ್ಟ್ ಒಣಹವೆಯಾದರೂ ಆಗ ನಿಮ್ಮ ಕ್ಲಬ್ಬಿನದೇ ಪಂದ್ಯಗಳಿರುತ್ತವೆ. ಜನವರಿ, ಫೆಬ್ರವರಿ ಹೊಂದುತ್ತದೆ. ಕಿಗಾಲಿ ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿದೆ, ಮೊದಲ ಎರಡು ದಿನ ಓಡಾಟ ಕಡಿಮೆಯಿರಲಿ. ಮಲೇರಿಯಾ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ. ಮಕ್ಕಳೊಂದಿಗೆ ಹೊರದೇಶದಲ್ಲಿ ಕೆಲಸ ಮಾಡುವವರಿಗೆ ಬ್ರಿಟನ್ನಿನ ಪೊಲೀಸ್ ದಾಖಲೆಗಳ ಕಚೇರಿ ಎಕ್ರೋ ಕೊಡುವ ಅಂತರರಾಷ್ಟ್ರೀಯ ಮಕ್ಕಳ ರಕ್ಷಣಾ ಪ್ರಮಾಣಪತ್ರಕ್ಕೆ ಮುಂಚೆಯೇ ಅರ್ಜಿ ಹಾಕಿ.

ಮೈದಾನದಲ್ಲಿ ನಲವತ್ತು ಮಕ್ಕಳು, ಎರಡು ಬ್ಯಾಟು. ಒಬ್ಬ ಬೌಲ್ ಮಾಡಿ ಒಬ್ಬ ಹೊಡೆದರೆ ಮೂವತ್ತೆಂಟು ಮಂದಿ ಸುಮ್ಮನೆ ನಿಂತಿರುತ್ತಾರೆ, ಹತ್ತು ನಿಮಿಷದಲ್ಲಿ ಗಲಾಟೆ. ಆರೇಳು ಮಕ್ಕಳ ಆರು ಗುಂಪು ಮಾಡಿ. ಎರಡು ಗುಂಪಿಗೆ ಕೋನಿನ ಮೇಲಿಟ್ಟ ಚೆಂಡು ಹೊಡೆಯುವುದು, ಎರಡಕ್ಕೆ ಎಸೆದು ಹಿಡಿಯುವುದು, ಎರಡಕ್ಕೆ ನಿಂತಲ್ಲಿಂದಲೇ ಬೌಲಿಂಗ್. ಎಂಟು ನಿಮಿಷಕ್ಕೊಮ್ಮೆ ಅದಲುಬದಲು. ಅಲ್ಲಿನ ಭಾಷೆ ಕಿನ್ಯರ್ವಾಂಡಾ ಬಾರದಿದ್ದರೆ ಮಾತು ಕಡಿಮೆ ಮಾಡಿ, ಮಾಡಿ ತೋರಿಸಿ. ಎರಡನೆಯ ದಿನದಿಂದ ಆಟ ನಡೆಸುವುದನ್ನು ಅಲ್ಲಿನ ಶಿಕ್ಷಕರಿಗೇ ಬಿಡಿ. ನೀವು ಚೆಂಡು ಹೆಕ್ಕಿ ಕೊಡಿ. ಎರಡು ವಾರವೂ ನೀವೇ ಕಲಿಸಿದರೆ ಮೂರನೆಯ ವಾರ ಕಲಿಸಲು ಯಾರೂ ಇರುವುದಿಲ್ಲ.

*ಪ್ರಶ್ನೆ: ಇಂಥ ಸಂಸ್ಥೆಗೆ ಇಲ್ಲಿಂದ ₹50,000 ಕಳಿಸಬಹುದೇ? ದಾನಕ್ಕೆ ಸಿಗುವ 80ಜಿ ತೆರಿಗೆ ವಿನಾಯಿತಿ ಸಿಗುತ್ತದೆಯೇ?*
– ಓದುಗರು, ದಾವಣಗೆರೆ

ವ್ಯಕ್ತಿಯಾಗಿ ಕಳಿಸಬಹುದು. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್ ಮಿತಿ. ಬ್ಯಾಂಕಿನಲ್ಲಿ ಹೊರದೇಶಕ್ಕೆ ಹಣ ಕಳಿಸುವ ಎ2 ಫಾರಂ, ಪ್ಯಾನ್ ಕೊಟ್ಟು ಉದ್ದೇಶದ ಕೋಡ್ ಎಸ್1303 (ದತ್ತಿ ಸಂಸ್ಥೆಗೆ ದಾನ) ಹಾಕಿ. ಈ ಮೊತ್ತಕ್ಕೆ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ) ಬೀಳದು. ಈ ಯೋಜನೆ ಟ್ರಸ್ಟಿಗೆ, ಸಂಘಕ್ಕೆ ಅನ್ವಯಿಸುವುದಿಲ್ಲ, ಆದ್ದರಿಂದ ಕ್ಲಬ್ ಖಾತೆಯಿಂದ ಕಳಿಸಲು ಹೋಗಬೇಡಿ. 80ಜಿ ಇಲ್ಲ.

*ಪ್ರಶ್ನೆ: ನಮ್ಮ ಹಳೆಯ ಆಟಗಾರರೊಬ್ಬರು ಈಗ ಇಂಗ್ಲೆಂಡಿನಲ್ಲಿದ್ದಾರೆ. ಅವರ ಕ್ಲಬ್ಬು ನಮ್ಮ ಬೇಸಿಗೆ ಶಿಬಿರಕ್ಕೆ ಹಣ, ಕಿಟ್ಟು ಎರಡೂ ಕೊಡುತ್ತದಂತೆ. ತೆಗೆದುಕೊಳ್ಳಬಹುದೇ?*
– ಕಾರ್ಯದರ್ಶಿ, ಹುಬ್ಬಳ್ಳಿ

ಈಗಲೇ ಒಪ್ಪಬೇಡಿ. ಅಲ್ಲಿನ ಕ್ಲಬ್ಬು ವಿದೇಶಿ ಮೂಲ, ಅದರ ಹಣವೂ ಸಾಮಾನೂ ವಿದೇಶಿ ವಂತಿಗೆ ಕಾಯ್ದೆಗೆ ಒಳಪಡುತ್ತವೆ. ಅವನ್ನು ಪಡೆಯಲು ಆ ಕಾಯ್ದೆಯಡಿ ನೋಂದಣಿ ಬೇಕು. ಅದಕ್ಕೆ ನಿಮ್ಮ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ತನ್ನ ಉದ್ದೇಶಕ್ಕೆ ₹15 ಲಕ್ಷವಾದರೂ ಖರ್ಚು ಮಾಡಿರಬೇಕು. ಹಣ ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಅಷ್ಟು ಖರ್ಚಿನ ದಾಖಲೆ ಇಲ್ಲದವರು ನಿರ್ದಿಷ್ಟ ದಾನಿ, ನಿರ್ದಿಷ್ಟ ಮೊತ್ತಕ್ಕೆ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಕೇಳಬಹುದು.

ಆ ಆಟಗಾರರು ಇನ್ನೂ ಭಾರತದ ಪ್ರಜೆಯೇ? ಹಾಗಿದ್ದರೆ ದಾರಿ ಸುಲಭ. ಸ್ವಂತ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿಯನ್ನು ರಸೀದಿ ಪುಸ್ತಕದ ಜೊತೆ ಇಟ್ಟುಕೊಳ್ಳಿ. ಬ್ರಿಟಿಷ್ ಪೌರತ್ವ ಪಡೆದಿದ್ದರೆ, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಅವರು ವಿದೇಶಿ ಮೂಲವೇ. ಕ್ಲಬ್ಬಿನಲ್ಲಿ ಎತ್ತಿದ ಹಣವನ್ನು ಅವರ ಖಾತೆಗೆ ಹಾಕಿ ಅಲ್ಲಿಂದ ನಿಮಗೆ ಕಳಿಸುವ ಉಪಾಯ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಅವರ ಉಳಿತಾಯವಲ್ಲ.