ಪ್ರತಿಕ್ರಿಯೆ: ಫುಟ್‌ಪಾತ್ ಹಾಕಿದ ಮೇಲೆ ಮರ ಒಣಗುತ್ತಿದೆ

ಫುಟ್‌ಪಾತ್ ಕೆಲಸ ಮುಗಿದ ಮೇಲೆ ತುದಿ ಕೊಂಬೆಗಳು ಒಣಗತೊಡಗಿದವು ಅಂದಿರಲ್ಲ, ರೋಗಕ್ಕಿಂತ ಬುಡದ ಕಾಂಕ್ರೀಟೇ ಕಾರಣ ಇರಬೇಕು. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅದನ್ನು ಮುಚ್ಚಿದರೆ ನೀರೂ ಇಲ್ಲ, ಗಾಳಿಯೂ ಇಲ್ಲ.

ಮೊದಲು ಫೋಟೊ ಸಮೇತ ಪಾಲಿಕೆಗೆ ಬರೆದು, ಕಾಂಡದ ಸುತ್ತ ಕನಿಷ್ಠ 1 ಮೀಟರ್ ಕಾಂಕ್ರೀಟ್ ತೆಗೆಸಲು ಕೇಳಿ. ನೀವೇ ಒಡೆಯಲು ಹೋಗಬೇಡಿ, ಕೆಳಗೆ ಕೇಬಲ್ ಇರಬಹುದು. ಒಡೆಯುವಾಗ ಹತ್ತಿರ ನಿಂತು ನೋಡಿಕೊಳ್ಳಿ. ಅವಸರದಲ್ಲಿ ಬೇರನ್ನೂ ಕಡಿದುಬಿಡುತ್ತಾರೆ.

ಆಮೇಲೆ ಮೇಲ್ಮಣ್ಣನ್ನು ಹಗುರವಾಗಿ ಸಡಿಲಿಸಿ, ನೀರು ಪೂರ್ತಿ ಇಂಗುವಂತೆ ನಿಧಾನವಾಗಿ ಹಾಕಿ. ದಿನಾ ಒಂದು ಚೊಂಬು ಸುರಿದರೆ ಸುಮ್ನೆ ವ್ಯರ್ಥ; ವಾರಕ್ಕೊಮ್ಮೆ ಜಾಸ್ತಿ ಹಾಕಿ. ಮೇಲೆ ಮೂರು ಇಂಚು ತರಗೆಲೆ ಹರಡಿ, ಆದರೆ ಕಾಂಡಕ್ಕೆ ತಾಗಿಸಬೇಡಿ, ತೊಗಟೆ ಕೊಳೆಯುತ್ತದೆ. ಗೊಬ್ಬರ ಈಗ ಬೇಡ.

ಒಣಗಿದ ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ, ಕಡಿಸಬೇಡಿ.

ಕೆಲಸದ ವೇಳೆ ದಪ್ಪ ಬೇರುಗಳು ಹೋಗಿದ್ದರೆ ಮರ ಉಳಿಯುತ್ತದೆ ಅಂತ ಖಚಿತವಾಗಿ ಹೇಳಲಾರೆ. ಮರ ವಾಲಿದ್ದರೆ ಅಥವಾ ಬುಡದ ಮಣ್ಣು ಬಿರುಕು ಬಿಟ್ಟಿದ್ದರೆ ಇವತ್ತೇ ಪಾಲಿಕೆಯ ಮರ ವಿಭಾಗಕ್ಕೆ ಫೋನ್ ಮಾಡಿ, ಅದರ ಕೆಳಗೆ ಗಾಡಿ ನಿಲ್ಲಿಸಬೇಡಿ.